ವ್ಯಾಪಾರಿಯ ಪರೀಕ್ಷೆ

"ಗುರುಗಳೇ, ಒಂದು ಆಟ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವುದು ಹೇಗೆ?" ಎಂದು ವಿರೂಪಾಕ್ಷ ಕೇಳಿದ.

ಅವನು ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಹುಡುಗರು ಮೊಬೈಲಿನಲ್ಲಿ ಒಂದು ವಿಡಿಯೋ ಗೇಮ್ ಆಡುತ್ತಿದ್ದರು. ಅದನ್ನು ನಿಲ್ಲಿಸುವುದೋ ಬಿಡುವುದೋ ಅವನಿಗೆ ತಿಳಿಯದಾಗಿತ್ತು.

"ಅದರಲ್ಲಿ ಗುಣವಿಲ್ಲವೆಂದಲ್ಲ. ಮುಂದಾಲೋಚನೆ ಕಲಿಸುತ್ತದೆ. ಆದರೆ ಮೊದಲ ಕೋಟೆ ದಾಟಿದ ಮೇಲೆ ಬರೀ ಹೊಡೆದಾಟ. ಕೊನೆಗೆ ಏನಿದೆಯೋ ನೋಡದೆ ಹೇಗೆ ಹೇಳಲಿ? ನನಗಂತೂ ಅದರ ಮೇಲೆ ಅನುಮಾನ," ಎಂದು ಅವನೇ ಮುಂದುವರಿಸಿದ.

ಗುರುಗಳು ಅವನ ಮುಖ ನೋಡಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಯಾವುದನ್ನೂ ಸುಮ್ಮನೆ ನಂಬುವವನಲ್ಲ. ನೇಕಾರ ಸೀರೆ ತಂದರೆ ಅವನೆದುರೇ ಒದ್ದೆ ಬೆರಳಿನಿಂದ ಉಜ್ಜಿ ಬಣ್ಣ ಬಿಡುತ್ತದೆಯೋ ಎಂದು ನೋಡುತ್ತಿದ್ದ. ಅವನ ಮಗಳಿಗೆ ಒಂದು ವಿಡಿಯೋ ಗೇಮ್ ಎಂದರೆ ಇಷ್ಟ. ನದಿಯ ದಂಡೆಯಲ್ಲಿ ಊರು ಕಟ್ಟುವ ಆಟ. ಪ್ರತಿ ಹಂತದಲ್ಲೂ ಪ್ರವಾಹ ಬರುತ್ತದೆ. ಊರು ಉಳಿದರೆ ಮುಂದಿನ ಹಂತ.

"ಪುಕ್ಕಟೆ ಇಷ್ಟು ಸಂತೋಷ ಕೊಡುವ ವಸ್ತು ಬೇರೇನನ್ನೋ ಕಿತ್ತುಕೊಳ್ಳುತ್ತಿರಬೇಕು. ನಾನೇ ಪರೀಕ್ಷೆ ಮಾಡುತ್ತೇನೆ," ಎಂದು ವ್ಯಾಪಾರಿ ಮೊಬೈಲು ತೆಗೆದುಕೊಂಡ.

ಮೊದಲು ಗುಣಗಳು ಕಂಡವು. ಕಟ್ಟೆ ಎಲ್ಲಿ ಹಾಕಬೇಕು, ಬಾವಿ ಎಲ್ಲಿ ತೋಡಬೇಕು ಎಂದು ಯೋಚಿಸಬೇಕಾಗುತ್ತಿತ್ತು. ಆಮೇಲೆ ದೋಷಗಳು ಕಂಡವು. ದೋಣಿಗಳು ಹೇಳಿದ ಕಡೆ ಹೋಗುತ್ತಿರಲಿಲ್ಲ. ಕಟ್ಟೆ ಭದ್ರವಾಗಿದ್ದರೂ ಕೆಲವೊಮ್ಮೆ ಒಡೆಯುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಅವನು ಈ ದೋಷಗಳನ್ನು ವಿವರಿಸಿದ. ಎಂಥ ನ್ಯಾಯವಂತ, ಮಗಳ ಆಟವನ್ನೂ ಹೀಗೆ ಅಳೆದು ನೋಡುತ್ತಾನಲ್ಲ ಎಂದು ಜನ ಮೆಚ್ಚಿದರು. ಪರೀಕ್ಷೆ ಮಾತ್ರ ಮುಗಿಯಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ, ಮುಂದಿನ ಹಂತ ನೋಡದೆ ಹೇಳಲಾಗದು ಎನ್ನುತ್ತಿದ್ದ. ಅವಳು ಕೇಳುವುದನ್ನು ಬಿಟ್ಟಳು. ಆದರೆ ಅವನು ಊಟಕ್ಕೆ ಕುಳಿತಾಗ ತಟ್ಟೆಯ ಪಕ್ಕದಲ್ಲಿದ್ದ ಮೊಬೈಲನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು.

ಅಷ್ಟರಲ್ಲಿ ಮಗಳು ಈಜು ಕಲಿತಿದ್ದಳು. ಒಂದು ದಿನ ಬಂದು, "ಅಪ್ಪಾ, ಇವತ್ತು ಕೆರೆಯ ಆಚೆ ದಡದವರೆಗೆ ಈಜುತ್ತೇನೆ. ನೋಡಲು ಬಾ," ಎಂದಳು.

"ನೀನು ನಡೆ. ಈ ಪ್ರವಾಹ ಇಳಿಯಲಿ, ಬಂದೆ," ಎಂದ ವ್ಯಾಪಾರಿ.

ಪ್ರವಾಹ ಇಳಿಯಿತು. ಮತ್ತೊಂದು ಬಂತು. ಅವನು ಕೆರೆಗೆ ಹೋಗುವ ಹೊತ್ತಿಗೆ ಮಗಳು ಕಲ್ಲಿನ ಮೇಲೆ ಕುಳಿತಿದ್ದಳು. ಅವಳ ಕೂದಲು ಆಗಲೇ ಒಣಗಿತ್ತು. ಜೊತೆಗೆ ಬಂದವರೆಲ್ಲ ಹೊರಟುಹೋಗಿದ್ದರು.

ವ್ಯಾಪಾರಿಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಗಿ ಹೊರಬಂತು. "ಆ ಆಟವೇ ಕೆಟ್ಟದ್ದು. ಇನ್ನು ಮೇಲೆ ನೀನು ಅದನ್ನು ಮುಟ್ಟಕೂಡದು," ಎಂದ.

"ನಾನು ಅದನ್ನು ಮುಟ್ಟಿ ಎಷ್ಟು ಕಾಲವಾಯಿತು, ಅಪ್ಪಾ. ನನಗೆ ಇಷ್ಟವಿತ್ತು, ಆಡಿದೆ. ಸಾಕೆನಿಸಿತು, ಬಿಟ್ಟೆ. ನಿನಗೆ ಅದು ಇಷ್ಟವೇ ಇಲ್ಲ ಅನ್ನುತ್ತೀಯಲ್ಲ, ಮತ್ತೆ ಸಾಕೆನ್ನುವುದು ನಿನಗೆ ಹೇಗೆ ಗೊತ್ತಾಗಬೇಕು?"

ವ್ಯಾಪಾರಿ ಅವಳ ಪಕ್ಕದಲ್ಲಿ ಕುಳಿತ. "ನನಗೂ ಇಷ್ಟವೇ," ಎಂದ. ಆ ಮಾತು ಹೇಳುವುದು ಅವನಿಗೆ ಕಷ್ಟವಾಯಿತು. ದೋಣಿ, ಕಟ್ಟೆಗಳ ದೋಷವನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಮುಗಿಯಿತು ಎಂದು ಆ ಆಟ ತಾನಾಗಿ ಎಂದೂ ಹೇಳುವುದಿಲ್ಲ ಎಂಬ ದೋಷ ಮಾತ್ರ ಅಂದೇ ಅವನ ಕಣ್ಣಿಗೆ ಬಿದ್ದದ್ದು. ಅವನು ಆಟ ಬಿಡಲಿಲ್ಲ. ಆದರೆ ಮಗಳು ಮತ್ತೆ ಕೆರೆಗೆ ಹೊರಟಾಗ ಅರ್ಧ ಕಟ್ಟಿದ ಊರನ್ನು ನೀರಿಗೆ ಬಿಟ್ಟು ಎದ್ದ.

ಕತೆ ಮುಗಿಯಿತು.

"ಹಾಗಾದರೆ ಹುಡುಗರ ಆಟವನ್ನು ನಿಲ್ಲಿಸಲೋ, ಬಿಡಲೋ?" ಎಂದು ವಿರೂಪಾಕ್ಷ ಕೇಳಿದ.

"ಹುಡುಗರ ಮಾತು ಆಮೇಲೆ," ಎಂದರು ಗುರುಗಳು. "ಆ ಆಟ ನಿನಗೆ ಇಷ್ಟವೋ?"