ತುಂಗಕ್ಕನ ಹಿತ್ತಲ ಕೊಳ

ಕುಂಬಾರಗುಡ್ಡದ ಕಾಡಿನಲ್ಲಿ ತುಂಗಕ್ಕ ಎಂಬ ನೀರುನಾಯಿ ಇದ್ದಳು. ಹೆಸರು ಕೇಳಿ ಅವಳನ್ನು ಬೊಗಳುವ ನಾಯಿ ಅಂದುಕೊಳ್ಳಬೇಡಿ ಮಕ್ಕಳೇ. ನುಣುಪು ಮೈ, ಉದ್ದ ಮೀಸೆ, ನೀರಿನಲ್ಲಿ ಮೀನು ಹಿಡಿದು ತಿನ್ನುವ ಚುರುಕು ಪ್ರಾಣಿ ಅವಳು. ಅವಳ ಬಿಲದ ಹಿತ್ತಲಿನಲ್ಲೇ ಒಂದು ಕೊಳವಿತ್ತು. ಆ ಕಾಡಿನಲ್ಲಿ ಇನ್ಯಾರ ಹಿತ್ತಲಿನಲ್ಲೂ ಕೊಳ ಇರಲಿಲ್ಲ, ಅದನ್ನು ತುಂಗಕ್ಕ ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಆ ವರ್ಷ ಅವಳಿಗೆ ಮೂರು ಮರಿಗಳಾಗಿದ್ದವು. ನೀರುನಾಯಿಯ ಮರಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲ, ತಾಯಿಯೇ ಕಲಿಸಬೇಕು. ಹೊಳೆಯಲ್ಲಿ ಕಲಿಸೋಣವೆಂದರೆ ಅಲ್ಲಿ ಮೊಸಳೆ ಬಾಯಿ ತೆರೆದು ಬಿದ್ದಿರುತ್ತಿತ್ತು. ಈಜು ಬಲ್ಲವರು ಹೇಗೋ ತಪ್ಪಿಸಿಕೊಂಡಾರು, ಮರಿಗಳ ಗತಿಯೇನು? ಅವು ಈಜು ಕಲಿಯುವ ತನಕ ಹಿತ್ತಲ ಕೊಳ ತುಂಬಿರಲೇಬೇಕಿತ್ತು.

ಆ ಕೊಳಕ್ಕೆ ದಿನಾ ಮಧ್ಯಾಹ್ನ ದುಂಡಪ್ಪ ಎಂಬ ಕೋಣ ಬರುತ್ತಿದ್ದ. ಈ ಮೂಲೆಯಿಂದ ಆ ಮೂಲೆಯವರೆಗೆ ಕೆಸರು ತುಳಿದು, ಮಗ್ಗುಲು ಬದಲಿಸಿ ಹೊರಳಾಡಿ, ಸಂಜೆಗೆ ಎದ್ದು ಹೋಗುತ್ತಿದ್ದ. ಪಾಪ, ಯಾರ ಗೊಡವೆಗೂ ಹೋಗುವವನಲ್ಲ.

ಒಂದು ದಿನ ಹೊಳೆಯ ಕಡೆಯಿಂದ ತುಂಗಕ್ಕನ ತಂಗಿ ಮರಿಗಳನ್ನು ನೋಡಲು ಬಂದಳು. ಕೊಳ ಕಂಡು ಮೂಗು ಮುರಿದಳು. ಈ ಬಗ್ಗಡಕ್ಕೆ ಮರಿಗಳನ್ನು ಇಳಿಸುತ್ತೀಯಾ ಅಕ್ಕಾ, ನಮ್ಮ ಹೊಳೆಯಲ್ಲಾದರೆ ತಳದ ಕಲ್ಲುಗಳನ್ನು ಎಣಿಸಬಹುದು ಅಂದಳು. ಮೊಸಳೆಯ ಹಲ್ಲುಗಳನ್ನೂ ಎಣಿಸಬಹುದು ಎಂದು ತುಂಗಕ್ಕ ಹೇಳಬೇಕಿತ್ತು. ಆದರೆ ಅವಮಾನವಾಗಿ ಮೀಸೆ ಸವರಿಕೊಂಡಳು.

ಮರುದಿನ ದುಂಡಪ್ಪ ಬಂದಾಗ ಅವಳು ದಾರಿಗೆ ಅಡ್ಡ ನಿಂತಳು. "ಇನ್ನು ಮೇಲೆ ಈ ಕಡೆ ತಲೆ ಹಾಕಬೇಡ. ನಿನ್ನ ಕೊಳಕು ಮೈಯಿಂದ ನನ್ನ ನೀರೆಲ್ಲ ಹಾಳಾಯಿತು."

ದುಂಡಪ್ಪ ತಿರುಗಿ ಗುಡ್ಡದಾಚೆ ಹೋದ. ಅವನಿಗೆ ತುಂಬ ನೋವಾಗಿತ್ತು. ಕೋಣನ ಮುಖದಲ್ಲಿ ಅದು ಬೇಗ ಕಾಣುವುದಿಲ್ಲ, ಅಷ್ಟೆ.

ತುಂಗಕ್ಕ ಅಷ್ಟಕ್ಕೇ ಬಿಡಲಿಲ್ಲ. ತಳದ ಕೆಸರನ್ನೆಲ್ಲ ಬಾಚಿ ಬಾಚಿ ದಡದಾಚೆ ಎಸೆದಳು. ಕೆಳಗಿನ ಬಿಳಿ ಮರಳು ಕಾಣಿಸಿತು, ನೀರು ತಿಳಿಯಾಯಿತು. ಕಾಡಿಗೆ ಕಾಡೇ ಬಂದು ನೋಡಿ ಹೊಗಳಿತು. ತುಂಗಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ನೀರು ಇಳಿಯತೊಡಗಿತು.

ಮೊದಲು ತುಂಗಕ್ಕ ಆನೆ ದೊಡ್ಡಮ್ಮನ ಮುಂದೆ ಗೋಗರೆದಳು. ಆ ಪುಣ್ಯಾತ್ಗಿತ್ತಿ ದೂರದ ಒರತೆಯಿಂದ ಸೊಂಡಿಲು ಸೊಂಡಿಲು ನೀರು ತಂದು ಸುರಿದಳು. ಬೆಳಗಾಗುವಷ್ಟರಲ್ಲಿ ಅದೂ ಇಳಿದಿತ್ತು. ಕೋತಿ ಕೆಂಚಣ್ಣ, ಕಲ್ಲು ಹಾಕಿದರೆ ನೀರು ತಾನಾಗಿ ಮೇಲೆ ಬರುತ್ತದೆ ಎಂದು ಬುದ್ಧಿ ಹೇಳಿದ. ನೀರೇನೋ ಮೇಲೆ ಬಂತು, ಇಳಿದ ಮರಿಗಳ ಹೊಟ್ಟೆಯೆಲ್ಲ ತರಚಿತು. ಕಲ್ಲು ತೆಗೆದದ್ದಾಯಿತು. ಬಿಸಿಲು ಕುಡಿಯುತ್ತಿರಬೇಕೆಂದು ತೇಗದ ಎಲೆ ಮುಚ್ಚಿದಳು. ಎಲೆಯ ಕೆಳಗೇ ನೀರು ಕಳ್ಳನ ಹಾಗೆ ಇಳಿದುಹೋಯಿತು. ನಡುವೆ ಒಂದು ಜೋರು ಮಳೆ ಬಂದು ಕೊಳ ತುಂಬಿದಾಗ ಕುಣಿದಾಡಿದಳು. ಎರಡು ದಿನಕ್ಕೆ ಮತ್ತೆ ಅದೇ ಪಾಡು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಕೊನೆಗೆ ಆನೆ ದೊಡ್ಡಮ್ಮನೂ ಸೋತಳು. ಸೊಂಡಿಲು ಬಿದ್ದುಹೋಗುವ ಹಾಗಿದೆ ಮಗಳೇ, ಮರಿಗಳನ್ನು ಹೊಳೆಗೇ ಕರೆದುಕೊಂಡು ಹೋಗು ಎಂದಳು. ಅದನ್ನು ಕೇಳಿಸಿಕೊಂಡ ಕಿರಿಯ ಮರಿ ತಾಯಿಯ ಮಡಿಲಿಗೆ ಬಂದು ಕೇಳಿತು. "ಅವ್ವಾ, ಮೊಸಳೆ ಎಷ್ಟು ದೊಡ್ಡದಿರುತ್ತೆ?"

ತುಂಗಕ್ಕನಿಗೆ ಅಳು ಬಂತು.

ಗುಡ್ಡದಾಚೆ ದುಂಡಪ್ಪ ಈಗ ಹೊರಳಾಡುವ ಹೊಂಡದಲ್ಲಿ ನೀರಿದೆಯೆಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಕೇಳಲು ಯಾವ ಮುಖವಿದೆ? ಅವನು ಮಲಗಿರುವ ಹೊತ್ತು ನೋಡಿ, ಒಂದು ಸೋರೆ ಬುರುಡೆ ಹಿಡಿದುಕೊಂಡು, ಕದ್ದಾದರೂ ತರೋಣವೆಂದು ಹೊರಟಳು. ಮೊದಲೆಲ್ಲ ಒಂದು ಹನಿಯೂ ನಿಲ್ಲದ ಮರಳು ಗುಂಡಿ ಅದು. ಈಗ ಅಂಚಿನವರೆಗೆ ತುಂಬಿ ಹೊಳೆಯುತ್ತಿತ್ತು. ಬುರುಡೆ ಮುಳುಗಿಸಲು ಕಾಲಿಟ್ಟಳೋ ಇಲ್ಲವೋ, ಸರಕ್ಕನೆ ಜಾರಿ ಕುತ್ತಿಗೆಯವರೆಗೆ ಕೆಸರು ನೀರಿಗೆ ಬಿದ್ದಳು. ಬಿದ್ದವಳಿಗೆ ಕಾಲಡಿಯಲ್ಲಿ ಏನೋ ಗಟ್ಟಿಯಾಗಿ, ನುಣ್ಣಗೆ ತಾಗಿತು. ಮೆತ್ತಿ ತಟ್ಟಿದ ಮಡಕೆಯ ತಳದ ಹಾಗಿತ್ತು ಅದು.

ಪಕ್ಕದಲ್ಲೇ ನೀರಿನಿಂದ ಎರಡು ಮೂಗಿನ ಹೊಳ್ಳೆ, ಆಮೇಲೆ ಎರಡು ಕೊಂಬು ಮೇಲೆ ಬಂದವು.

"ದುಂಡಪ್ಪಣ್ಣ, ಈ ಹೊಂಡಕ್ಕೆ ನೀರು ತಂದು ಹಾಕುವವರು ಯಾರು?"

"ಯಾರೂ ಇಲ್ಲ. ನಿನ್ನ ಕೊಳಕ್ಕೆ ಬಂದ ಮಳೆಯೇ ಇಲ್ಲಿಗೂ ಬಂತು. ನೀನು ದಡದಾಚೆ ಎಸೆದ ಕೆಸರನ್ನು ಮೈಗೆ ಮೆತ್ತಿಕೊಂಡು ಬಂದು ಇಲ್ಲಿ ಹೊರಳಿದೆ, ತುಳಿದೆ. ನೀರು ಹೋಗಲಿಲ್ಲ."

ತುಂಗಕ್ಕ ತನ್ನ ಕಾಲಡಿಯ ತಳವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. ದಿನಾ ಮಧ್ಯಾಹ್ನ ದುಂಡಪ್ಪ ತುಳಿದ ಕೆಸರೇ ತನ್ನ ಕೊಳದ ನೀರು ಮರಳಿಗೆ ಇಂಗದಂತೆ ಹಿಡಿದಿಟ್ಟಿತ್ತೆಂದು ಅವಳಿಗೆ ಆಗ ತಿಳಿಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

"ತಪ್ಪಾಯಿತಣ್ಣ. ನಾಳೆಯಿಂದ ಮತ್ತೆ ಬಾ."

"ನನ್ನ ಮೈ ಕೊಳಕಲ್ಲವೇ?"

"ಆ ಕೊಳಕನ್ನೂ ತಗೊಂಡೇ ಬಾ."

ದುಂಡಪ್ಪ ನಕ್ಕ. ಕೋಣ ನಕ್ಕರೆ ನೀರಿನ ಮೇಲೆ ಗುಳ್ಳೆ ಏಳುತ್ತದೆ.

ಮರುದಿನ ತುಂಗಕ್ಕ ಬಾಚಿ ಎಸೆದ ಕೆಸರಲ್ಲಿ ಉಳಿದದ್ದನ್ನೆಲ್ಲ ತಾನೇ ಹೊತ್ತು ತಂದು ಕೊಳದ ತಳಕ್ಕೆ ಹರಡಿದಳು. ದುಂಡಪ್ಪ ತುಳಿದ. ಅವನ ಹಿಂದೆ ಮೂರು ಮರಿಗಳೂ ಪಚಪಚ ತುಳಿದವು. ಆನೆ ದೊಡ್ಡಮ್ಮ, ಇದೇ ಕೊನೆಯ ಸಲ ಎಂದು ಬೈದುಕೊಂಡೇ ನೀರು ತುಂಬಿಸಿದಳು, ಒರತೆಯ ಮರಿಮೀನುಗಳೂ ಜೊತೆಗೆ ಬಂದವು. ಅದೇ ಕೊನೆಯ ಸಲವೂ ಆಯಿತು, ಮುಂದಿನ ಮಳೆಯವರೆಗೆ ನೀರು ಹಾಗೆಯೇ ನಿಂತಿತು.

ತಂಗಿ ಮತ್ತೆ ಬಂದಳು. ಕೊಳದ ಅಂಚಿಗೆ ನಿಂತು ಮತ್ತೆ ಮೂಗು ಮುರಿದಳು. "ಅಯ್ಯೋ ಅಕ್ಕಾ, ಮತ್ತೆ ಬಗ್ಗಡ!"

ಅಷ್ಟರಲ್ಲಿ ಆ ಬಗ್ಗಡ ನೀರಿನೊಳಗಿಂದ ಮೂರು ಪುಟ್ಟ ತಲೆಗಳು ಒಂದಾದ ಮೇಲೊಂದು ಮೇಲೆ ಬಂದವು. ಕಿರಿಯ ಮರಿಯ ಬಾಯಲ್ಲಿ ಒಂದು ಮೀನಿತ್ತು.

"ಬಗ್ಗಡವೇ ಕಣೇ," ಎಂದಳು ತುಂಗಕ್ಕ. "ಆದರೆ ನೀರಿದೆ ನೋಡು."

ನೀತಿ: ಅಂದದ ಆಸೆಗೆ ಆಧಾರವನ್ನೇ ಕಿತ್ತು ಹಾಕಬಾರದು, ಕೊಳಕೆಂದು ನಾವು ಓಡಿಸಿದವರೇ ನಮ್ಮನ್ನು ಕಾಯುತ್ತಿದ್ದಿರಬಹುದು.