ಎದೆಯ ಮೇಲಿನ ಕಾಲು

ಮಠಕ್ಕೆ ಬರುವ ರೋಗಿಗಳ ಕುರು ಕೊಯ್ದು ಮದ್ದು ಕಟ್ಟುವ ಕೆಲಸ ಚನ್ನವೀರನೆಂಬ ಶಿಷ್ಯನದು. ಒಂದು ದಿನ ಅವನು ಗುರುಗಳನ್ನು ಕೇಳಿದ: “ರೋಗಿಗಳು ಹೆಚ್ಚಾಗಿದ್ದಾರೆ. ಮಧ್ಯಾಹ್ನವಾದರೆ ನನಗೆ ತೂಕಡಿಕೆ ಬರುತ್ತದೆ. ಅದಕ್ಕೆ ಗಟ್ಟಿ ಕಾಫಿ ಕಷಾಯ ಕುಡಿಯುತ್ತಿದ್ದೇನೆ, ದಿನಕ್ಕೆ ಏಳೆಂಟು ಲೋಟ. ಹತ್ತು ಜನರನ್ನು ನೋಡುತ್ತಿದ್ದವನು ಈಗ ಮೂವತ್ತು ಜನರನ್ನು ನೋಡುತ್ತೇನೆ. ಇದರಲ್ಲಿ ತಪ್ಪೇನಾದರೂ ಇದೆಯೇ?”

“ತಪ್ಪು ಸರಿ ಆಮೇಲೆ ನೋಡೋಣ. ಮೊದಲು ಕೂತ್ಕೊಳ್ಳಯ್ಯ. ನಿಂತಲ್ಲಿ ನಿಲ್ಲಲಾರದವನಿಗೆ ಕತೆ ಹೇಳಲು ನನ್ನಿಂದಾಗದು,” ಎಂದರು ಗುರುಗಳು. ಅವನು ಕುಳಿತ ಮೇಲೆ ಹೇಳತೊಡಗಿದರು.

ಓಬಯ್ಯ ಎಂಬವನೊಬ್ಬ ಕೋಲೆ ಬಸವ ಆಡಿಸಿ ಬದುಕುತ್ತಿದ್ದ. ಬಸವನ ಹೆಸರು ರಾಮ. ಮನೆಗಳ ಮುಂದೆ ಇವನು ಡೋಲು ಬಡಿದು ಏನೋ ಕೇಳುವುದು, ಅದು ತಲೆಯಾಡಿಸುವುದು, ಜನ ಮೊರದಲ್ಲಿ ರಾಗಿ ತಂದು ಸುರಿಯುವುದು. ಇದೆಲ್ಲ ಎಲ್ಲ ಬಸವಗಳೂ ಆಡುವ ಆಟವೇ. ಕೊನೆಯ ಆಟ ಮಾತ್ರ ಬೇರೆ. ಓಬಯ್ಯ ನೆಲದ ಮೇಲೆ ಅಂಗಾತ ಮಲಗುತ್ತಿದ್ದ. ರಾಮ ಮುಂಗಾಲೆತ್ತಿ ಅವನ ಎದೆಯ ಮೇಲೆ ಇಡುತ್ತಿತ್ತು. ಮೈಭಾರ ಮಾತ್ರ ಅವನ ಮೇಲೆ ಬಿಡುತ್ತಿರಲಿಲ್ಲ. “ಸಾಕು ತಂದೆ” ಎನ್ನುವವರೆಗೆ ಹಾಗೆಯೇ ಹಿಡಿದಿರುತ್ತಿತ್ತು. ಹನ್ನೆರಡು ವರ್ಷ ಹೀಗೆ ನಡೆಯಿತು.

ರಾಮನಿಗೆ ವಯಸ್ಸಾಯಿತು, ನಡೆ ನಿಧಾನವಾಯಿತು. “ನಿನ್ನ ಬಸವ ನಿದ್ದೆಗಣ್ಣಲ್ಲಿ ಆಡ್ತಿದೆಯಲ್ಲಯ್ಯ” ಎಂದು ಜನ ನಕ್ಕರು. ಓಬಯ್ಯನಿಗೆ ಅವಮಾನವಾಯಿತು. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವೇ? ಹುರಿದ ಕಾಫಿ ಬೀಜ ಕುಟ್ಟಿ, ಬೆಲ್ಲದ ಜೊತೆ ಬೂಸಕ್ಕೆ ಕಲಸಿಡು ಎಂದ ಒಬ್ಬ ವ್ಯಾಪಾರಿ. ಇವನು ಹಾಗೆಯೇ ಮಾಡಿದ.

ರಾಮ ಕುಣಿಯಿತು. ಬೀದಿಗೆ ಬೀದಿಯೇ ನೋಡಲು ಬಂತು. ಓಬಯ್ಯ ಕಾಫಿ ಪುಡಿಯನ್ನು ಒಂದು ಹಿಡಿಯಿಂದ ಎರಡು ಹಿಡಿ ಮಾಡಿದ. ಮೂರನೆಯ ವಾರಕ್ಕೆ ರಾಮ ತನ್ನನ್ನು ಕಟ್ಟಿದ ಗೂಟದ ಸುತ್ತ ತಿರುಗತೊಡಗಿತು. ಹಾರಿಹೋದ ಕಾಗೆಗೆ ಬೆಚ್ಚಿತು. ತನ್ನದೇ ಕೊರಳ ಗೆಜ್ಜೆಗೂ ಬೆಚ್ಚಿತು.

ಅವನ ಹೆಂಡತಿ ಲಕ್ಕಮ್ಮ ಅಂದಳು: “ಅದು ಮೆಲುಕು ಹಾಕೋದೇ ಬಿಟ್ಟಿದೆ. ನನಗೆ ಭಯ ಆಗ್ತಿದೆ ಕಣಯ್ಯ. ಅದರ ಕಾಲ ಕೆಳಗೆ ಮಲಗಬೇಡ.”

“ಹನ್ನೆರಡು ವರ್ಷ ಮಲಗಿದ್ದೀನಿ. ಈಗ ಅದಕ್ಕೆ ನನ್ನ ಮೇಲೆ ಪ್ರೀತಿ ಹೋಯ್ತಾ?” ಅಂದ ಓಬಯ್ಯ.

ಮಾರನೆಯ ದಿನ ಬಾವಿಯ ಬಳಿ ಆಟ. ಅವನು ಮಲಗಿದ, ರಾಮ ಎದೆಯ ಮೇಲೆ ಕಾಲಿಟ್ಟಿತು. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಖಾಲಿ ಕೊಡವೊಂದು ಉರುಳಿತು. ಕಿವಿಯ ಪಕ್ಕ ಡೋಲು ಬಡಿದರೂ ಅಲುಗದಿದ್ದ ಬಸವ ಅಷ್ಟಕ್ಕೇ ನಡುಗಿಹೋಯಿತು. ಮೈಯ ಭಾರವೆಲ್ಲ ಕಾಲಿಗೆ ಬಂತು. ಓಬಯ್ಯನ ಮೂರು ಪಕ್ಕೆಲುಬು ಮುರಿದವು.

ಜನ ದೊಣ್ಣೆ ಎತ್ತಿಕೊಂಡರು. ಓಬಯ್ಯನಿಗೆ ಉಸಿರು ಸಿಗುತ್ತಿರಲಿಲ್ಲ. ಆದರೂ ಅಂದ: “ಹೊಡೀಬೇಡಿ. ಅದರ ಪ್ರೀತಿ ಎಲ್ಲೂ ಹೋಗಿಲ್ಲ. ಕಾಲು ಅದರ ಮಾತು ಕೇಳ್ತಿಲ್ಲ, ಅಷ್ಟೆ. ಮಾಡಿದವನು ನಾನು.”

ಕಾಫಿ ನಿಂತಿತು. ತಿಂಗಳಲ್ಲಿ ರಾಮ ಮತ್ತೆ ಮೆಲುಕು ಹಾಕತೊಡಗಿತು. ಸುಗ್ಗಿಯ ಹೊತ್ತಿಗೆ ಓಬಯ್ಯನ ಎಲುಬೂ ಕೂಡಿತು. ಒಂದು ಬೆಳಿಗ್ಗೆ ನೋಡುವವರು ಯಾರೂ ಇಲ್ಲದಾಗ ಅವನು ತನ್ನ ಅಂಗಳದಲ್ಲೇ ಅಂಗಾತ ಮಲಗಿ “ಬಾ ತಂದೆ” ಎಂದ. ರಾಮ ಬಂತು. ಅವನ ಎದೆಯನ್ನು ಮೂಸಿತು. ಮುಖ ತಿರುಗಿಸಿ ದೂರ ಹೋಗಿ ನಿಂತಿತು. ಅವನು ಕರೆದ, ಬೇಡಿಕೊಂಡ, ಮಲಗಿದಲ್ಲೇ ಅತ್ತ. ಸಾಯುವವರೆಗೂ ಅದು ಅವನ ಮೇಲೆ ಕಾಲೆತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಹೇಳಿದ: “ಅದು ಮೂಕಪ್ರಾಣಿ. ತನಗೇನಾಗುತ್ತಿದೆ ಎಂದು ಅದಕ್ಕೆ ತಿಳಿಯಲಿಲ್ಲ. ಮನುಷ್ಯನಾದವನಿಗೆ ತಿಳಿಯುತ್ತದಲ್ಲ.”

“ತಿಳಿಯುತ್ತದಲ್ಲವೇ, ಹಾಗಾದರೆ ಕತ್ತಿ ಹಿಡಿಯುವ ಆ ಬಲಗೈಯನ್ನು ಇತ್ತ ಚಾಚು,” ಎಂದರು ಗುರುಗಳು.

ಚನ್ನವೀರ ಕೈ ಚಾಚಲಿಲ್ಲ, ಎಡಗೈಯಿಂದ ಅದನ್ನು ಬಿಗಿಯಾಗಿ ಒತ್ತಿ ಹಿಡಿದ.