‘ಹೌದು ಧಣಿ’ ಎಂದ ಸಿಪಾಯಿ

“ಬುದ್ಧೀ, ತನ್ನ ತಪ್ಪನ್ನು ತಾನೇ ಬಾಯಿಬಿಟ್ಟು ಒಪ್ಪಿಕೊಂಡವನ ಪರವಾಗಿ ನಿಂತು ವಾದಿಸುವುದು ಧರ್ಮವೇ?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಗುಡ್ಡದ ಕೋಟೆ. ಕೋಟೆಯಲ್ಲಿ ದೊಡ್ಡ ದಂಡು. ದಂಡಿಗೆ ಅದರದೇ ನ್ಯಾಯಪೀಠ, ಅದರದೇ ಕಟ್ಟಳೆ. ಸಿಪಾಯಿಗಳ ಮೇಲೆ ಆರೋಪ ಹೊರಿಸಿ ಸಾಬೀತು ಮಾಡುವುದಕ್ಕೆ ಅಲ್ಲೊಬ್ಬ ವಕೀಲನಿದ್ದ. ಸರದಾರರಿಗೆ ಸಮನಾದ ಪದವಿ, ಹೆಗಲ ಮೇಲೆ ಕೆಂಪು ಶಲ್ಯ. ಮನುಷ್ಯ ಕೆಟ್ಟವನೇನಲ್ಲ. ಲಂಚ ಮುಟ್ಟಿದವನಲ್ಲ, ಸುಳ್ಳು ಸಾಕ್ಷಿ ಹೂಡಿದವನೂ ಅಲ್ಲ. ಹೂಡುವ ಅಗತ್ಯವಾದರೂ ಏನಿತ್ತು? ಅವನು ಕೇಳುತ್ತಿದ್ದ, ಸಿಪಾಯಿಗಳು ಒಪ್ಪುತ್ತಿದ್ದರು. ಒಪ್ಪಿದ ಮೇಲೆ ಸಾಕ್ಷಿ ಬೇಡ ಎಂಬುದು ದಂಡಿನ ಕಟ್ಟಳೆ. ಅವನು ಸೋತ ಮೊಕದ್ದಮೆಯೇ ಇರಲಿಲ್ಲ. ಊಟಕ್ಕೆ ಕೂತಾಗ ಹೆಂಡತಿಯ ಮುಂದೆ, “ನನ್ನ ಮುಂದ ಸುಳ್ಳು ನಿಲ್ಲಂಗಿಲ್ಲ ನೋಡು” ಎಂದು ಬೀಗುತ್ತಿದ್ದ. ಆಕೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಇನ್ನೊಂದು ಕಟ್ಟಳೆಯೂ ಇತ್ತು. ಆರೋಪ ಹೊತ್ತವನು ಪೀಠದ ಮುಂದೆ ಬರುವಾಗ ಅವನ ರುಮಾಲು ಮತ್ತು ನಡುಪಟ್ಟಿಯನ್ನು ಬಿಚ್ಚಿಸುತ್ತಿದ್ದರು. ತಪ್ಪು ಸಾಬೀತಾದರೆ ಆ ನಡುಪಟ್ಟಿಯನ್ನು ದಂಡಿನ ಎದುರು ಕತ್ತರಿಸಿ, ತಮಟೆ ಬಡಿಸಿ, ಅವನನ್ನು ಕೋಟೆಯ ಹೊರಗೆ ದಬ್ಬುತ್ತಿದ್ದರು. ಹಾಗೆ ಹೊರಬಿದ್ದವನಿಗೆ ಊರಿನಲ್ಲಿ ಒಲೆಗೆ ಬೆಂಕಿ ಕೊಡುವವರೂ ಇರುತ್ತಿರಲಿಲ್ಲ.

ಒಂದು ದಿನ ಇಬ್ಬರ ವಿಚಾರಣೆ. ಒಬ್ಬ ಗಾದ್ರಿ, ಬುರುಜಿನ ಕಾವಲಿನವನು. ಮುಸ್ಸಂಜೆ ಹೊತ್ತಿನಲ್ಲಿ ಅವನೂ ಅವನ ಜೋಡಿ ಕಾವಲಿನವನೂ ಬುರುಜು ಬಿಟ್ಟು ಹೋಗಿದ್ದರು. ಗಾದ್ರಿ ಮರಳಿ ಬಂದು ಸಿಕ್ಕಿಬಿದ್ದ, ಜೋಡಿಯವನ ಪತ್ತೆ ಇರಲಿಲ್ಲ. ಇನ್ನೊಬ್ಬ ಕುದುರೆ ಸವಾರಿಯ ರಾವುತ, ಕುದುರೆಯ ಕಾಲು ಮುರಿದ ಎಂಬ ಆರೋಪ ಅವನ ಮೇಲೆ. ರುಮಾಲೂ ಪಟ್ಟಿಯೂ ಇಲ್ಲದೆ ತಲೆ ತಗ್ಗಿಸಿ ನಿಂತರೆ ಎಲ್ಲ ಗಂಡಸರೂ ಒಂದೇ ಥರ. ಹೊತ್ತು ನೆತ್ತಿಗೇರಿತ್ತು, ವಕೀಲನಿಗೆ ಹಸಿವಾಗಿತ್ತು. ಅವನು ಗಾದ್ರಿಯನ್ನೇ ರಾವುತನೆಂದು ಬಗೆದು ಕೇಳಿಬಿಟ್ಟ:

“ಕುದುರಿ ಕಾಲು ಮುರಿದಾವ ನೀನ ಏನು?”

“ಹೌದು ಧಣಿ.”

ಪೀಠದ ಮೇಲಿದ್ದ ಸರದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಕೀಲ ತಬ್ಬಿಬ್ಬಾದ. “ನೀ ಎಂದಾದ್ರೂ ಕುದುರಿ ಮುಟ್ಟೀಯೇನು?” ಎಂದ. “ಇಲ್ಲ ಧಣಿ.” ಆ ‘ಇಲ್ಲ’ ಕೂಡ ವಕೀಲನ ದನಿಯ ಜಾಡು ಹಿಡಿದೇ ಬಂದಿತ್ತು. “ಮತ್ತ ಹೌದು ಅಂದದ್ದು ಯಾಕ?”

“ನೀವು ಅಂದ ಮ್ಯಾಲ ಅಲ್ಲ ಅನ್ನಾಕ ಬರ್ತೈತೇನ್ರಿ ಧಣಿ?”

ಸರದಾರರು ಮತ್ತೆ ನಕ್ಕು, ಗಾದ್ರಿಯ ವಿಚಾರಣೆಯನ್ನು ಅಮಾವಾಸ್ಯೆಗೆ ಮುಂದೂಡಿ ಊಟಕ್ಕೆ ಎದ್ದರು. ವಕೀಲ ಮಾತ್ರ ಮನೆಗೆ ಹೋಗಿ, ಬಡಿಸಿದ ತಟ್ಟೆಯನ್ನು ಹಾಗೇ ಸರಿಸಿಟ್ಟ. ಇಷ್ಟು ವರ್ಷ ತಾನು ಕೇಳಿದ್ದು ಸತ್ಯವನ್ನಲ್ಲ, ತನ್ನ ದನಿಯನ್ನೇ ಎಂದು ಅವನಿಗೆ ಹೊಳೆದಿತ್ತು. ತಮಟೆಯ ಹಿಂದೆ ತಲೆ ತಗ್ಗಿಸಿ ನಡೆದುಹೋದವರ ಮುಖಗಳನ್ನು ನೆನೆಯಲು ನೋಡಿದ. ಒಂದು ಮುಖವೂ ನೆನಪಿಗೆ ಬರಲಿಲ್ಲ, ಅದಕ್ಕೇ ಅವನಿಗೆ ಅಳು ಬಂತು. “ಮಿಂಚಿ ಹೋದ ಕಾರ್ಯಕ್ಕ ಚಿಂತಿಸಿ ಫಲ ಇಲ್ಲ” ಎಂದು ಹೆಂಡತಿ ಸಮಾಧಾನ ಮಾಡಿದಳು. “ಒಂದು ಇನ್ನೂ ಮಿಂಚಿಲ್ಲ” ಎಂದ ಅವನು.

ಮರುದಿನ ಹೋಗಿ ದಳವಾಯಿಯ ಮುಂದೆ ಕೆಂಪು ಶಲ್ಯವನ್ನು ಮಡಿಸಿಟ್ಟ. ಪದವಿ ಇಟ್ಟುಕೊಂಡೇ ದಯೆ ತೋರಿಸಬಹುದಲ್ಲ ಎಂದು ದಳವಾಯಿ ಬುದ್ಧಿ ಹೇಳಿದ. ಇದು ಹೆಗಲ ಮೇಲಿರುವ ತನಕ ತನ್ನ ಕಿವಿಗೆ ಬೀಳುವುದು ಹೌದು ಒಂದೇ ಎಂದು ವಕೀಲ ಕೈಮುಗಿದ. ಶಲ್ಯದ ಜೊತೆಗೆ ಪಲ್ಲಕ್ಕಿಯೂ ಹೋಯಿತು, ಕೋಟೆಯೊಳಗಿನ ಮನೆಯೂ ಹೋಯಿತು. ಹೆಂಡತಿ ಗೊಣಗುತ್ತಲೇ ಗುಡ್ಡದ ಕೆಳಗೆ ಬಾಡಿಗೆ ಮನೆಯಲ್ಲಿ ಒಲೆ ಹೂಡಿದಳು.

ಗಾದ್ರಿಯ ಪರ ವಾದಿಸಲೆಂದು ವಕೀಲ ಬಂದೀಖಾನೆಗೆ ಹೋದರೆ ಗಾದ್ರಿ ದಡಬಡಿಸಿ ಎದ್ದು ನೆಟ್ಟಗೆ ನಿಂತ. ನೀನು ಕಾವಲು ಬಿಟ್ಟು ಹೋಗಲಿಲ್ಲ, ಅಲ್ಲವೇ ಎಂದರೆ ಇಲ್ಲ ಧಣಿ. ಹೋಗಿದ್ದೆ ಅನ್ನುತ್ತಾರಲ್ಲ ಎಂದರೆ ಹೋಗಿದ್ದೆ ಧಣಿ. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಎಂದು ಗಾದೆ ಹೇಳುತ್ತಾರೆ. ಅದು ಜಾಣರಿಗೆ ಹೇಳಿದ ಮಾತು. ಇವನು ಜಾಣನಲ್ಲ, ಬರೀ ಸಿಪಾಯಿ. ಶಲ್ಯ ಹೋದರೂ ದನಿಯಲ್ಲಿದ್ದ ದೊಡ್ಡಸ್ತಿಕೆ ಇನ್ನೂ ಹೋಗಿಲ್ಲ ಎಂದು ವಕೀಲನಿಗೆ ತಿಳಿಯಿತು. ಅಂದಿನಿಂದ ಅವನು ಏನನ್ನೂ ಕೇಳಲಿಲ್ಲ. ದಿನವೂ ರೊಟ್ಟಿಯ ಗಂಟು ಹಿಡಿದು ಗುಡ್ಡ ಹತ್ತಿ ಬಂದು ನೆಲದ ಮೇಲೆ ಕೂರುತ್ತಿದ್ದ. ಗಾದ್ರಿ ಮೊದಮೊದಲು ನಿಂತೇ ತಿಂದ. ಆಮೇಲೆ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಬರಬರುತ್ತಾ ಎದುರಿಗೇ ಕೂತು, ಚಟ್ನಿಗೆ ಖಾರ ಸಾಲದು ಎಂದು ಮುಖ ಮಾಡುವಷ್ಟಾದ. ಬಾಯಿಬಿಟ್ಟು ಹೇಳುವಷ್ಟು ಇನ್ನೂ ಆಗಿರಲಿಲ್ಲ.

ಅಮಾವಾಸ್ಯೆ ಹತ್ತಿರ ಬಂತು. ವಕೀಲನ ಕೈಯಲ್ಲಿ ಇನ್ನೂ ಏನೂ ಇರಲಿಲ್ಲ. ಒಂದು ಮಧ್ಯಾಹ್ನ ಅವನು ಹೊರಡಲು ಎದ್ದಾಗ ಅವನ ಪಾದಗಳು ಗಾದ್ರಿಯ ಕಣ್ಣಿಗೆ ಬಿದ್ದವು. ಪಲ್ಲಕ್ಕಿಗೆ ಒಗ್ಗಿದ್ದ ಪಾದಗಳು, ಬಂಡೆ ಹತ್ತಿ ಹತ್ತಿ ಬೊಬ್ಬೆಯೆದ್ದು ಒಡೆದಿದ್ದವು.

“ಬ್ಯಾಡ್ರಿ!” ಎಂದ ಗಾದ್ರಿ. “ಈಗ ಹೋಗಬ್ಯಾಡ್ರಿ. ಬಂಡೆಗಲ್ಲು ಕೆಂಡ ಆಗೇತಿ, ಈ ಕಾಲಾಗ ಹ್ಯಾಂಗ ಇಳೀತೀರಿ? ಕುಂದರ್ರಿ ಮೊದಲ.”

ವಕೀಲ ಕುಂತುಬಿಟ್ಟ. ಯಾವ ಮೊಕದ್ದಮೆ ಗೆದ್ದಾಗಲೂ ಆಗದ ಸಂತೋಷ ಅವನಿಗೆ ಆ ‘ಬ್ಯಾಡ್ರಿ’ ಕೇಳಿ ಆಯಿತು. ಗಾದ್ರಿ ತನ್ನ ಪಂಚೆಯ ಅಂಚು ಹರಿದು ಅವನ ಪಾದಕ್ಕೆ ಸುತ್ತತೊಡಗಿದ. ಸುತ್ತುತ್ತಲೇ, ತಲೆಯೆತ್ತದೆ, ತಾನಾಗಿ ಹೇಳಿದ. ಅವತ್ತು ಜೋಡಿಯವನಿಗೆ ಬುರುಜಿನ ಮೇಲೆ ಹಾವು ಕಡಿದಿತ್ತು. ಕೂಗಿದರೆ ಓಗೊಡುವವರಿರಲಿಲ್ಲ. ಹೆಗಲ ಮೇಲೆ ಹೊತ್ತು ಗುಡ್ಡದಾಚೆಯ ಹಳ್ಳಿಯ ವೈದ್ಯನ ಜಗಲಿಯಲ್ಲಿ ಮಲಗಿಸಿ ಓಡಿಬಂದಿದ್ದ. ಅವನು ಬದುಕಿದನೋ ಸತ್ತನೋ ಗಾದ್ರಿಗೇ ತಿಳಿಯದು.

“ಇದನ್ನ ಯಾಕೋ ಮಾರಾಯಾ ಹೇಳಲಿಲ್ಲ?”

“ಬಿಟ್ಟು ಹೋದಿ ಏನು ಅಂದ್ರು, ಹೋಗಿದ್ದೆ. ಯಾಕ ಅಂತ ಯಾರು ಕೇಳಿದ್ರಿ?”

ವಕೀಲ ಬಿಸಿಲು ಇಳಿಯುವ ತನಕ ಕಾದು, ಅಲ್ಲಿಂದ ನೇರ ಆ ಹಳ್ಳಿಯ ದಾರಿ ಹಿಡಿದ.

ಅಮಾವಾಸ್ಯೆಯ ದಿನ ಕೆಂಪು ಶಲ್ಯ ಹೊದ್ದ ಹೊಸ ವಕೀಲ ಎದ್ದು, ಕಾವಲು ಬಿಟ್ಟು ಹೋದದ್ದು ನಿಜವೇ ಎಂದು ಕೇಳಿದ. “ಹೌದು ಧಣಿ” ಎಂದ ಗಾದ್ರಿ. ಹಳೆಯ ವಕೀಲ ಹೋಗಿ ಅವನ ಮಗ್ಗುಲಲ್ಲಿ ನಿಂತು, ಮೆಲ್ಲಗೆ, “ಯಾಕಪಾ?” ಎಂದ. ಗಾದ್ರಿ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ವೈದ್ಯ, ಇನ್ನೂ ನೆಟ್ಟಗೆ ನಡೆಯಲಾರದ ಜೋಡಿಯವನನ್ನು ತೋಳು ಹಿಡಿದು ಒಳಗೆ ಕರೆತಂದ. ಅವನು ಬದುಕಿದ್ದನ್ನು ಕಂಡು ಗಾದ್ರಿ ಪೀಠ, ಸರದಾರರು ಎಲ್ಲವನ್ನೂ ಮರೆತು ಓಡಿಹೋಗಿ ಅಪ್ಪಿಕೊಂಡ. ಅವತ್ತು ಯಾರೂ ನಗಲಿಲ್ಲ. ನಡುಪಟ್ಟಿಯನ್ನು ಕತ್ತರಿಸದೆ ಅವನ ಕೈಗೆ ಕೊಟ್ಟರು.

ಹಳೆಯ ವಕೀಲ ಅಲ್ಲಿಗೆ ನಿಲ್ಲಲಿಲ್ಲ. ತಾನು ಹೊರದಬ್ಬಿಸಿದವರನ್ನು ಹುಡುಕಿಕೊಂಡು ಊರೂರು ಹೋದ. ಕೆಲವರು ಕದ ಹಾಕಿಕೊಂಡರು. ಒಬ್ಬ ಒಂದು ಚೊಂಬು ನೀರನ್ನು ಹೊರಗಿಟ್ಟು ಒಳಗೆ ಹೋದ. ವಕೀಲ ಆ ನೀರು ಕುಡಿದು ಅದೇ ಅಂಗಳದಲ್ಲಿ ಕೂತ. ಕೆಲವರಿಗೆ ನ್ಯಾಯ ಸಿಕ್ಕಿತು. ಆಮೇಲೆ ಪೀಠದ ಮುಂದೆ ಬಂದ ಹೊಸಬರಲ್ಲಿ ನಿಜವಾಗಿಯೂ ತಪ್ಪು ಮಾಡಿದವರೂ ಇದ್ದರು. ಪಟ್ಟಿ ಕತ್ತರಿಸುವ ಹೊತ್ತಿಗೆ ಅವರ ಮಗ್ಗುಲಲ್ಲೂ ಅವನು ನಿಂತ, ತಮಟೆಯ ಹಿಂದೆ ಅವರ ಜೊತೆ ನಡೆದ, ಅವರ ಒಲೆಗೆ ತನ್ನ ಮನೆಯಿಂದ ಬೆಂಕಿ ಒಯ್ದು ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ಕಣ್ಣೊರೆಸಿಕೊಂಡು ಕೈಮುಗಿದ. “ಹೌದು ಬುದ್ಧೀ, ಅರ್ಥವಾಯಿತು. ತಾವು ಹೇಳಿದ ಮೇಲೆ ಇನ್ನೇನಿದೆ?”

ಗುರುಗಳು ಅವನನ್ನೇ ಅಕ್ಕರೆಯಿಂದ ನೋಡಿ ಕೇಳಿದರು: “ಕೊಟ್ರಯ್ಯಾ, ಇಷ್ಟು ವರ್ಷದಲ್ಲಿ ನೀನು ನನಗೆ ಒಮ್ಮೆಯಾದರೂ ‘ಅಲ್ಲ’ ಎಂದದ್ದುಂಟೇನಪ್ಪಾ?”